ದದ್ದಾನ ಗಿಟಾರಿನ ರಿಪೇರಿ

ಮಳೆಗಾಲ ಮುಗಿದ ಮೇಲೆ ಮಹ್ಜೂಬಾಳ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಗಿಟಾರಿನ ತಕರಾರು ಏಳುತ್ತಿತ್ತು. ಅನ್ನ ಮೀನಿನ ದೊಡ್ಡ ಬೋಗುಣಿಯ ಸುತ್ತ ನಾಲ್ಕು ಜನ ಕೂತು ಮೊದಲ ತುತ್ತು ನುಂಗುವಷ್ಟರಲ್ಲಿ ಗಂಡ ದದ್ದಾ ಶುರುಮಾಡುತ್ತಿದ್ದ.

“ಆ ಗಿಟಾರ್ ಕೆಟ್ಟೋಗಿದೆ.”

“ಕೆಡಲಿ. ಮೀನು ಆರೋಗತ್ತೆ, ಮೊದ್ಲು ತಿನ್ನು,” ಎನ್ನುತ್ತಿದ್ದಳು ಮಹ್ಜೂಬಾ, ಮುಳ್ಳು ತೆಗೆದ ಚೂರನ್ನು ಅವನ ಪಾಲಿನ ಕಡೆ ತಳ್ಳುತ್ತ.

“ತಮಾಷೆ ಅಲ್ಲ ಕಣೇ. ಬೆರಳು ಸರಿಯಾದ ಜಾಗದಲ್ಲೇ ಇದೆ. ಸ್ವರ ಮಾತ್ರ ಅಲ್ಲಿಲ್ಲ.”

“ಬಿರಡೆ ಸವೆದಿರತ್ತೆ ಅಪ್ಪ,” ಎಂದ ಮಗ ಇಸಲ್ಮು ಒಂದು ದಿನ. “ಅಷ್ಟು ಅಗ್ಗದ ಮಾಲು ಇಷ್ಟು ವರ್ಷ ತಡೀತಲ್ಲ, ಅದೇ ಹೆಚ್ಚು.”

“ಅಗ್ಗದ್ದು ಅನ್ನಬೇಡ. ನೀನು ಕುಡಿದ ಹಾಲು ಅದರಿಂದ ಬಂದಿದ್ದು.”

ಅಗ್ಗದ್ದು ಎನ್ನುವುದೇನೋ ನಿಜ. ಇಪ್ಪತ್ತೆರಡು ವರ್ಷದ ಹಿಂದೆ ನುವಾದಿಬೂ ಬಂದರಿನಲ್ಲಿ ಒಬ್ಬ ಹಡಗಿನವನ ಕೈಯಿಂದ ದದ್ದಾ ಅದನ್ನು ಕೊಂಡಿದ್ದ. ಹಲಗೆ ಹಲಗೆ ಅಂಟಿಸಿದ ಮೈ, ಮೇಲೆ ಕೆಂಪು ಬಣ್ಣ. ಮನೆಗೆ ತಂದವನೇ ಮೊದಲು ಮಾಡಿದ ಕೆಲಸವೆಂದರೆ ಇಕ್ಕಳ ಹಿಡಿದು, ಕತ್ತಿನ ಮೇಲೆ ತಂತಿಯ ಕೆಳಗೆ ಅಡ್ಡಲಾಗಿ ಹೊಡೆದಿರುವ ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಕಿತ್ತದ್ದು. ಹೊರಗಿನವರು ಮಾಡಿದ ಗಿಟಾರಿನಲ್ಲಿ ಇವರ ಹಾಡಿನ ಸ್ವರಗಳಿಗೆ ಜಾಗವಿರುವುದಿಲ್ಲ. ಎರಡು ಮೆಟ್ಟಿಲ ನಡುವೆ ಇನ್ನೊಂದು ಬೇಕು, ಅದೂ ಕೂದಲೆಳೆ ಆಚೀಚೆ ಆಗದಂತೆ. ದದ್ದಾ ತೀರಿಹೋದ ತನ್ನಪ್ಪನ ತಿದಿನಿತ್ ಎಂಬ ತಂತಿವಾದ್ಯದ ಸ್ವರಗಳನ್ನು ನೆನೆಸಿಕೊಂಡು, ಬರಿ ಕಿವಿಯ ಅಳತೆಯಲ್ಲಿ ಎರಡು ದಿನ ಕೂತು ಹೊಸ ಮೆಟ್ಟಿಲು ಹೊಡೆದಿದ್ದ. ಹಾಡುವ ಮನೆತನಗಳಲ್ಲಿ ಪ್ರತಿ ಮನೆಗೂ ಅದರದೇ ಮೆಟ್ಟಿಲು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

ಆ ವರ್ಷದ ಮಳೆಯಲ್ಲಿ ಮರಳುಗಾಡಿನ ಅಂಚಿನ ಇವರ ಊರು ನುವಾಕ್ಷೊತ್‌ನಲ್ಲಿ ಅರ್ಧ ಜನಕ್ಕೆ ಜ್ವರ ಬಂದಿತ್ತು. ದದ್ದಾ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಹೊಸದರಲ್ಲಿ, ಕಿವಿಯೊಳಗೆ ಹುಳ ಕೂಗುತ್ತದೆ ಎಂದು ನಾಲ್ಕು ದಿನ ಗೊಣಗಿದ. ಆಮೇಲೆ ಗೊಣಗುವುದನ್ನು ಬಿಟ್ಟ. ಬಿಟ್ಟದ್ದನ್ನು ವಾಸಿಯಾಯಿತು ಎಂದು ಮನೆಯವರು ತಿಳಿದುಕೊಂಡರು. ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಬಿರಡೆ ತಿರುವಿ ಶ್ರುತಿ ಮಾಡುವ ಕೆಲಸ ಮಗಳು ತೆಕೈಬರ್‌ಳ ಪಾಲಿಗೆ ಬಂತು.

ಮುಂದೆ ಏಳು ವಾರಕ್ಕೆ ಊರ ಹಿರಿಯ ಹಾಜಿ ಸಿದಾತಿಯ ಮೊಮ್ಮಗಳ ಮದುವೆ. ಮೂರು ತಲೆಮಾರಿನಿಂದ ಆ ಮನೆಯ ಮದುವೆಗಳಿಗೆ ಇವರದೇ ಹಾಡು. ಈ ಸಲ ತಾನು ಹಿಂದೆ ಸರಿದು ತೆಕೈಬರ್‌ಳನ್ನು ಮುಂದೆ ಕೂರಿಸುವುದು ಎಂದು ಮಹ್ಜೂಬಾ ತೀರ್ಮಾನಿಸಿದ್ದಳು. ಹುಡುಗಿಗೆ ಇಪ್ಪತ್ತಮೂರು. ಹಾಜಿ ಸಿದಾತಿ ಕಣ್ಣು ಮುಚ್ಚಿ ತಲೆದೂಗಿದ ಅಂದರೆ ಊರೆಲ್ಲ ಅವಳನ್ನು ಕರೆಯುತ್ತದೆ. ಅವನು ಮುಖ ಕಿವುಚಿದರೆ ಯಾರೂ ಕರೆಯುವುದಿಲ್ಲ.

ಇಸಲ್ಮು ಮದುವೆಗಳಿಗೆ ಸ್ಪೀಕರು ಬಾಡಿಗೆ ಕೊಡುವವನು. ಸಮುದ್ರದಾಚೆಯ ಲಾಸ್ ಪಾಲ್ಮಾಸ್‌ಗೆ ಹೋಗಿ ಬರುವ ಗೆಳೆಯನಿಗೆ ಹೇಳಿ ಮೊದಲು ಬಿರಡೆಗಳನ್ನು ತರಿಸಿದ. ಬೆಣ್ಣೆಯಲ್ಲಿ ತಿರುಗಿಸಿದ ಹಾಗೆ ತಿರುಗುತ್ತಿದ್ದವು. ತೆಕೈಬರ್ ಶ್ರುತಿ ಮಾಡಿ ಕೊಟ್ಟಳು. ದದ್ದಾ ಒಂದು ಸುತ್ತು ಬಾರಿಸಿ ನಿಲ್ಲಿಸಿದ.

“ಬಿರಡೆ ಚೆನ್ನಾಗಿದೆ ಮಗಾ. ಆದ್ರೆ ಅದೇ ಕತೆ.”

“ನಂಗೆ ಸರಿಯಾಗೇ ಕೇಳಿಸ್ತಪ್ಪ,” ಎಂದಳು ಮಹ್ಜೂಬಾ.

“ನಿಂಗೆ ಕಿವಿಗೂ ಬೊಜ್ಜು ಬಂದಿದೆ.”

ಮಹ್ಜೂಬಾ ಅವನ ಚಿಕ್ಕಪ್ಪನ ಮಗಳು. ಒಂದೇ ಡೇರೆಯಲ್ಲಿ ಬೆಳೆದವಳು. ಇಂಥ ಮಾತಿಗೆಲ್ಲ ಅವಳು ಸೊಪ್ಪು ಹಾಕುವವಳಲ್ಲ. ಮೂಗು ಮುರಿದು ಚಹಾದ ಎರಡನೇ ಸುತ್ತಿಗೆ ಸಕ್ಕರೆ ಹಾಕಿದಳು.

ಎರಡು ವಾರ ಬಿಟ್ಟು ಪಿಕಪ್‌ಗಳು ಬಂದವು. ತಂತಿಯ ದನಿ ಹಿಡಿದು ಸ್ಪೀಕರಿಗೆ ಕಳಿಸುವ ಸಾಮಾನು, ಇಟಲಿಯದೋ ಎಲ್ಲಿಯದೋ. ಇಸಲ್ಮು ಚಹಾದ ತಟ್ಟೆಯ ಮೇಲೇ ಬೆಸುಗೆ ಹಾಕಲು ಕೂತು ತಟ್ಟೆ ಸುಟ್ಟ.

“ನನ್ನ ಮದುವೇಲಿ ಕೊಟ್ಟ ತಟ್ಟೆ ಕಣೋ ಅದು, ಮುಂಡೇದೆ!”

“ಹೊಸದು ತರ್ತೀನಮ್ಮ.”

“ತರ್ತಾನಂತೆ! ಈ ಗಿಟಾರಿಗೆ ಸುರಿದಿದ್ರಲ್ಲಿ ಒಬ್ಬ ಹೆಂಡ್ತೀನೇ ತರಬಹುದಿತ್ತು,” ಎಂದಳು ತೆಕೈಬರ್ ಬಾಗಿಲಿಂದ.

“ಹೆಂಡ್ತಿ ಬಂದ್ರೆ ನಿನ್ನ ಬಾಯಿ ನೋಡಿ ಓಡೋಗ್ತಾಳೆ.”

ಹೊಸ ಪಿಕಪ್ಪಿನ ದನಿ ಅಂಗಳ ತುಂಬಿತು. ರಸ್ತೆಯ ಮರಳಲ್ಲಿ ಹೋಗುತ್ತಿದ್ದ ಹೆಂಗಸರು ಬಾಗಿಲಲ್ಲಿ ನಿಂತು ಕೇಳಿದರು. ಮಹ್ಜೂಬಾಳಿಗೆ ರೋಮಾಂಚನವಾಯಿತು, ಇಪ್ಪತ್ತೆರಡು ವರ್ಷದಿಂದ ಕೇಳಿದ ಸ್ವರಗಳೇ, ಆದರೆ ಮೈ ತೊಳೆದು ನಿಂತ ಹಾಗಿದ್ದವು. ದದ್ದಾನ ಮುಖ ಮಾತ್ರ ಅರಳಲಿಲ್ಲ.

“ದನಿ ದೊಡ್ಡದಾಯ್ತು. ಅದರ ಸುಳ್ಳೂ ದೊಡ್ಡದಾಯ್ತು.”

ಆಮೇಲೆ ತಂತಿ ಕೂರುವ ಕುದುರೆಯನ್ನು ಬದಲಿಸಿದರು. ಅದಕ್ಕೂ ಅದೇ ಮಾತು. ದದ್ದಾ ಊಟ ಕಡಿಮೆ ಮಾಡಿದ. ಅಭ್ಯಾಸಕ್ಕೆ ಕೂತರೆ ಅರ್ಧಕ್ಕೇ ಗಿಟಾರು ಕೆಳಗಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ.

“ನಂಗೋಸ್ಕರ ಏನೂ ಮಾಡಬೇಡ ಇನ್ನು,” ಎಂದ ಇಸಲ್ಮುಗೆ. “ಆ ಸಾಮಾನಿನ ಆಯಸ್ಸು ಮುಗೀತು.”

ಅಪ್ಪನ ಮುಖ ನೋಡಲಾರದೆ ಇಸಲ್ಮು ಕೊನೆಯ ಕೆಲಸವನ್ನು ಯಾರಿಗೂ ಹೇಳದೆ ಮಾಡಿದ. ಒಂದು ಶುಕ್ರವಾರ ದದ್ದಾ ಮಸೀದಿಗೆ ಹೋದಾಗ ಗಿಟಾರನ್ನು ಸ್ಪೀಕರಿನ ಗಾಡಿಯಲ್ಲಿ ಹಾಕಿಕೊಂಡು ಸೆಬ್ಖಾ ಪೇಟೆಯ ರಿಪೇರಿ ಅಂಗಡಿಗೆ ಹೋದ. ಸಂಜೆ ತಂದ. ಹಳೆಯ ಬಾಗಿದ ಕತ್ತು ಹೋಗಿ ಜೇನುಬಣ್ಣದ ಹೊಸ ಕತ್ತು ಬಂದಿತ್ತು. ಅದರ ಮೇಲೆ ಹೊರಗಿನವರ ಮೆಟ್ಟಿಲುಗಳು ಏಣಿಯ ಹಾಗೆ ಸಾಲಾಗಿ ಹೊಳೆಯುತ್ತಿದ್ದವು.

ಮಹ್ಜೂಬಾ ಗಿಟಾರನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಅಪ್ಪನ ಮೆಟ್ಟಿಲೆಲ್ಲೋ?”

“ಹಳೇ ಕತ್ತಿನ ಮೇಲಿದೆ ಅಮ್ಮ. ರಿಪೇರಿ ಅಸ್ಸಾನ್ ಹತ್ರ ಬಿಟ್ಟು ಬಂದೆ. ಅದರ ಅಳತೆ ತಗೊಂಡು ಇದಕ್ಕೆ ಹೊಡೆದ್ರಾಯ್ತು. ಕತ್ತು ಬಾಗಿತ್ತಲ್ಲ, ಅದಕ್ಕೇ ಅಪ್ಪನಿಗೆ ಸ್ವರ ಸಿಗ್ತಿರ್ಲಿಲ್ಲ.”

“ನಾಳೆ ಬೆಳಿಗ್ಗೆ ನಾನೂ ಬರ್ತೀನಿ. ಅಲ್ಲೀವರೆಗೆ ಇದು ಅಪ್ಪನ ಕಣ್ಣಿಗೆ ಬೀಳದ ಹಾಗೆ ಇಡು. ಬಾಯಿ ಮುಚ್ಚು ಈಗ.”

ಅಸ್ಸಾನ್ ಪಕ್ಕದ ದೇಶದ ಡಕಾರ್ ಕಡೆಯವನು, ಬಂದು ಎರಡು ವರ್ಷ. ಕೆಲಸದಲ್ಲಿ ಶುದ್ಧ, ಮಾತಿನಲ್ಲಿ ವಿನಯ. ಮಹ್ಜೂಬಾಳಿಗೆ ಸ್ಟೂಲು ಒರೆಸಿ ಕೊಟ್ಟು, ಹಳೆಯ ಕತ್ತನ್ನು ಹೆಮ್ಮೆಯಿಂದ ತಂದು ತೋರಿಸಿದ. ಒಂದು ಮೆಟ್ಟಿಲೂ ಇರಲಿಲ್ಲ. ಮರ ಸೋಪಿನಂತೆ ನುಣ್ಣಗಿತ್ತು.

“ಯಾವನೋ ಬುದ್ಧಿ ಇಲ್ಲದೋನು ಕೈ ಹಾಕಿದ್ದ ತಾಯಿ. ಒಂದು ಇಲ್ಲಿ, ಒಂದು ಅಲ್ಲಿ, ಲೆಕ್ಕವೇ ಇಲ್ಲ. ಎಲ್ಲಾ ಕಿತ್ತಾಕಿ, ಸೀಳಿಗೆ ಗೋಂದು ತುಂಬಿ, ಉಜ್ಜಿಟ್ಟಿದೀನಿ. ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ. ದುಡ್ಡು ಬೇಡ ಇದಕ್ಕೆ.”

ಇಸಲ್ಮುವಿನ ಮುಖ ಬಿಳಿಚಿಕೊಂಡಿತು. ಮಹ್ಜೂಬಾಳಿಗೆ ಬೈಯಬೇಕೆನಿಸಿತು, ಆದರೆ ಆ ಮನುಷ್ಯ ತಪ್ಪು ಮಾಡಿದೆ ಎಂದು ತಿಳಿಯದೆ ನಗುತ್ತ ನಿಂತಿದ್ದ. ಅವಳು ಆ ಮರವನ್ನು ಎರಡು ಸಲ ಬೆರಳಲ್ಲಿ ಸವರಿ ನೋಡಿದಳು. ಸೀಳುಗಳ ಗುರುತೂ ಕೈಗೆ ಹತ್ತಲಿಲ್ಲ.

“ಬುದ್ಧಿ ಇಲ್ಲದೋನು ನನ್ನ ಗಂಡ,” ಎಂದು ಎದ್ದು ಬಂದಳು.

ಮನೆಯಲ್ಲಿ ಆಕಾಶ ಭೂಮಿ ಒಂದಾಗುತ್ತದೆ ಎಂದು ತಾಯಿ ಮಗ ಇಬ್ಬರೂ ಹೆದರಿದ್ದರು. ದದ್ದಾ ಹೊಸ ಕತ್ತನ್ನು ತಿರುಗಿಸಿ ನೋಡಿದ, ಉದ್ದಕ್ಕೆ ಒಂದು ಕಣ್ಣಿಟ್ಟು ನೋಡಿದ, ಆಮೇಲೆ ನಕ್ಕ. ಜ್ವರದ ಮೇಲೆ ಅವನು ನಕ್ಕದ್ದೇ ಅದು ಮೊದಲು.

“ಒಳ್ಳೇದೇ ಆಯ್ತು. ಮರ ಬಾಗಿ ಮೆಟ್ಟಿಲೆಲ್ಲ ಸರಿದುಹೋಗಿತ್ತು. ಇಕ್ಕಳ ತಗೊಂಬಾ ಇಸಲ್ಮು. ಸಣ್ಣ ಗರಗಸ ಎಲ್ಲಿದೆ? ತೆಕೈಬರ್, ನಿನ್ನ ಕಾಡಿಗೆ ಕಡ್ಡಿ ಕೊಡು, ಗುರುತು ಹಾಕಕ್ಕೆ.”

ನಾಲ್ಕು ದಿನ ಅವನು ಕಿಟಕಿಯ ಬೆಳಕಿಗೆ ಕೂತ. ತಂತಿ ಒತ್ತಿ, ಕಿವಿ ಕೊಟ್ಟು, ಕಾಡಿಗೆಯಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ಸೀಳಿ, ಮೆಟ್ಟಿಲು ಬಡಿದ. ಹೊತ್ತು ಹೊತ್ತಿಗೆ ಹಸಿವು ಎಂದು ಕೇಳಿ ತಿಂದ. ನೀರು ಬೆರೆಸಿದ ಹಾಲಿಗೆ ಸಕ್ಕರೆ ಸಾಲದೆಂದು ಜಗಳವಾಡಿದ. ಹಳೆಯ ದದ್ದಾ ಮನೆಗೆ ಬಂದ ಎಂದು ಮಹ್ಜೂಬಾಳಿಗೆ ಹಿಗ್ಗಾಯಿತು.

ನಾಲ್ಕನೇ ದಿನ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಒಳಗಿಂದ ಗಿಟಾರು ಕೇಳಿಸಿತು. ಅವಳ ಚಾಕು ನಿಂತಿತು.

ಸ್ವರಗಳು ತಪ್ಪಾಗಿದ್ದವು. ಒಂದಲ್ಲ, ಎರಡಲ್ಲ, ನಡುವಿನವೆಲ್ಲ ಕೆಳಗೆ ಜಾರಿ ಕೂತಿದ್ದವು. ಕಿವಿಯ ಮೇಲೆ ನಂಬಿಕೆಯಿಲ್ಲದೆ ಅವಳು ಸೆರಗಲ್ಲಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ದದ್ದಾ ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಕೆನ್ನೆ ಮೇಲೆ ನೀರಿಳಿಯುತ್ತಿತ್ತು.

“ಈಗ ಸರಿಯಾಯ್ತು!” ಎಂದ ಅವಳು ಬಂದ ಸದ್ದಿಗೆ. “ಕೇಳಿದ್ಯಾ? ನಮ್ಮಪ್ಪ ಕೂತು ನುಡಿಸಿದ ಹಾಗೇ ಇದೆ. ಈಗ ಸರಿಯಾಯ್ತು ಕಣೇ!”

ತೆಕೈಬರ್ ತನ್ನ ಅರ್ದಿನ್ ತಂದು ಎದುರಿಗೆ ಕೂತಿದ್ದಳು. ಸೋರೆಬುರುಡೆಯ ಆ ವಾದ್ಯ ಹೆಂಗಸರದ್ದು. ಅವಳು ನಾಲ್ಕು ತಂತಿ ಮೀಟಿದಳು, ನಿಲ್ಲಿಸಿದಳು, ತಾಯಿಯನ್ನು ನೋಡಿದಳು.

“ಏನದು, ನಿನ್ನ ಅರ್ದಿನ್ ಶ್ರುತಿ ಎಲ್ಲಿಗೋ ಹೋಗಿದೆ,” ದದ್ದಾ ಗದರಿದ. “ಮದುವೆ ಎದುರಿಗಿಟ್ಕೊಂಡು ಹಿಂಗಾ? ಸರಿಮಾಡು.”

“ಅಪ್ಪ, ಇದು ಸರಿಯಾಗೇ...”

“ಸರಿಮಾಡು ಅಂದ್ನಲ್ಲ ನಿಮ್ಮಪ್ಪ,” ಎಂದಳು ಮಹ್ಜೂಬಾ ಗಟ್ಟಿಯಾಗಿ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಗಳು ಅವಳ ಮೇಲೆ ಹರಿಹಾಯ್ದಳು. “ಯಾಕೆ ಸುಳ್ಳು ಹೇಳಿಸ್ತೀಯಾ ನನ್ನ ಕೈಲಿ? ಅಪ್ಪನ ಕಿವಿ ಹೋಗಿದೆ. ಮೊದಲಿಂದ್ಲೂ ಗಿಟಾರು ಸರಿಯಾಗೇ ಇತ್ತು. ನಾವೇ ಕಿತ್ತು ಹಾಳುಮಾಡಿದ್ವಿ.”

“ಮೆಲ್ಲಗೆ.”

“ನೀನು ಹೇಳ್ತೀಯೋ ನಾನು ಹೇಳ್ಲೋ?”

“ನಾಲಿಗೆ ಸೀಳ್ತೀನಿ ನೋಡು.”

ಅಷ್ಟರಲ್ಲಿ ಸ್ಪೀಕರಿನ ತಂತಿ ಸುತ್ತುತ್ತ ಬಂದ ಇಸಲ್ಮು, “ಅಪ್ಪ ಎಷ್ಟು ಚೆನ್ನಾಗಿ ಹೊಡೆದಿದಾರಲ್ವಾ ಮೆಟ್ಟಿಲು?” ಎಂದ. ತಾಯಿ ಮಗಳು ಇಬ್ಬರೂ ಅವನನ್ನು ದುರುಗುಟ್ಟಿ ನೋಡಿದರು. ಅವನ ಕಿವಿಯನ್ನು ಸ್ಪೀಕರುಗಳು ಎಂದೋ ತಿಂದುಹಾಕಿದ್ದವು.

ಮಹ್ಜೂಬಾಳಿಗೆ ಹೇಳುವ ಮನಸ್ಸು ಇರಲಿಲ್ಲ ಎಂದಲ್ಲ. ಮರುದಿನ ಚಹಾದ ಮೊದಲ ಸುತ್ತು ಕೊಟ್ಟು, ಹೇಗೆ ಶುರುಮಾಡುವುದೆಂದು ತಿಳಿಯದೆ ಸುತ್ತಿ ಬಳಸಿ ಬಂದಳು.

“ದದ್ದಾ, ಗಿಟಾರನ್ನ ಒಂದ್ಸಲ ಲೆಬ್ಬಾತ್‌ಗೆ ತೋರಿಸೋಣ್ವಾ? ಹೊಸ ಮರ ಅಲ್ವಾ, ಇನ್ನೊಬ್ರು ನೋಡಿದ್ರೆ ಒಳ್ಳೇದು.”

ಲೆಬ್ಬಾತ್ ದದ್ದಾನ ದಾಯಾದಿ, ಅವನೂ ಗಿಟಾರಿನವನು.

“ನನ್ನ ಮನೆ ಮೆಟ್ಟಿಲು ಲೆಬ್ಬಾತ್ ನೋಡ್ತಾನಾ? ನಾನಿನ್ನೂ ಸತ್ತಿಲ್ಲ.”

“ಕೋಪ ಯಾಕೆ, ಸುಮ್ನೆ ಕೇಳ್ದೆ.”

ಅವನು ಲೋಟ ಕೆಳಗಿಟ್ಟ. ಬಾಗಿಲ ಕಡೆ ನೋಡಿ ಮಕ್ಕಳಿಲ್ಲವೆಂದು ಖಾತ್ರಿ ಮಾಡಿಕೊಂಡ.

“ಮಹ್ಜೂಬಾ, ಒಂದು ಮಾತು ನಿಂಗೆ ಹೇಳಿರ್ಲಿಲ್ಲ. ಜ್ವರ ಬಿಟ್ಟ ಮೇಲೆ ನನ್ನ ಕಿವಿ ಹೋಯ್ತು ಅಂತಾನೇ ಅಂದ್ಕೊಂಡಿದ್ದೆ. ಕಣ್ಣು ಹೋದ್ರೆ ಬದುಕಬಹುದು, ಕೈ ಹೋದ್ರೂ ಬದುಕಬಹುದು. ಕಿವಿ ಹೋದ್ಮೇಲೆ ನಾನ್ಯಾತಕ್ಕೆ? ಇಷ್ಟು ದಿನಾನೂ ಸಾವು ಕೊಡು ಅಂತ ದೇವರನ್ನ ಕೇಳಿದೀನಿ. ನಿನ್ನಾಣೆ. ಈಗ ಗೊತ್ತಾಯ್ತಲ್ಲ, ಕೆಟ್ಟಿದ್ದು ಗಿಟಾರು ಅಂತ. ಹುಡುಗ ನನ್ನ ಬದುಕಿಸಿದ.”

ಮಹ್ಜೂಬಾ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಕೈಗಳಿಗೆ ಏನಾದರೂ ಕೆಲಸ ಬೇಕಿತ್ತು. ಇನ್ನು ಅವಳು ಹೇಳುವ ಹಾಗಿರಲಿಲ್ಲ.

ಮದುವೆಗೆ ಎಂಟು ದಿನವಿತ್ತು. ಅವಳು ಮಗಳನ್ನು ಕರೆದು ಕೂರಿಸಿಕೊಂಡಳು.

“ಈ ಸಲ ನೀನು ಮುಂದೆ ಕೂರಬೇಡ. ನಾನೇ ಹಾಡ್ತೀನಿ.”

“ಮದರಂಗಿ ಹಚ್ಚೋಳಿಗೂ ಹೇಳಿಬಂದಾಗಿದೆ. ಗೆಳತಿಯರಿಗೆಲ್ಲ ಹೇಳಿದೀನಿ. ಒಂದು ವರ್ಷದಿಂದ ಕಾಯ್ತಿದೀನಮ್ಮ!”

“ಆ ಗಿಟಾರಿನ ಜೊತೆ ಹಾಡ್ತೀಯಾ?”

ತೆಕೈಬರ್ ಒಳಗಿದ್ದ ಗಿಟಾರಿನ ಕಡೆ ತಿರುಗಿ ನೋಡಿದಳು.

“ಸರಿಯಾಗಿ ಹಾಡಿದ್ರೆ ಅಪ್ಪನ ಗಿಟಾರು ಬಯಲಾಗತ್ತೆ. ಗಿಟಾರಿನ ಜೊತೆ ಹೋದ್ರೆ ನೀನು ಬಯಲಾಗ್ತೀಯಾ. ಮೊದಲ್ನೇ ದಿನಾನೇ ಅಪಸ್ವರದವಳು ಅನ್ನಿಸ್ಕೊಂಡ್ರೆ ಮತ್ತೆ ತೊಳ್ಕೊಳಕ್ಕಾಗಲ್ಲ.”

“ಮತ್ತೆ ನೀನು?”

“ನಂಗೆ ವಯಸ್ಸಾಗಿದೆ. ಗಂಟಲು ಹೋಯ್ತು ಅಂದ್ರೆ ಜನ ನಂಬ್ತಾರೆ.”

ಇವರ ಪದ್ಧತಿಯಲ್ಲಿ ಗಿಟಾರು ಹಾಡಿನ ಬೆನ್ನಿಗೆ ಹೋಗಬೇಕು. ಹಾಡುವವಳು ಎಲ್ಲಿಗೆ ಹೋದರೂ ಬಾರಿಸುವವನು ಹಿಂದೆಯೇ ಹೋಗಿ ಅವಳ ಮಾನ ಕಾಯುತ್ತಾನೆ. ಎರಡೂ ಒಟ್ಟಿಗೆ ಜಾರಿದರೆ, ಜಾರಿದವಳು ಅವಳೇ, ಅವನು ಕಾಪಾಡಿದವನು. ಕೇಳುವವರೆಲ್ಲರಿಗೂ ಇದು ಗೊತ್ತು.

ತೆಕೈಬರ್ ಅತ್ತಳು. ಮೊದಲು ತನಗಾಗಿ ಅತ್ತಳು, ಆಮೇಲೆ ತಾಯಿಗಾಗಿ ಅತ್ತಳು.

ಆ ಎಂಟು ದಿನ ದದ್ದಾ ಮಸೀದಿಗೆ ಹೋದಾಗಲೆಲ್ಲ ಮಹ್ಜೂಬಾ ಆಡಿನ ಕೊಟ್ಟಿಗೆಯ ಹಿಂದೆ ಕೂತು ಅಭ್ಯಾಸ ಮಾಡಿದಳು. ನಲವತ್ತು ವರ್ಷ ಸರಿಯಾಗಿ ಹಾಡಿದ ಗಂಟಲಿಗೆ ತಪ್ಪು ಕಲಿಸುವುದು ಸುಲಭವಿರಲಿಲ್ಲ. ಸ್ವರ ತಾನಾಗಿ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಅದನ್ನು ಹಿಡಿದು ಕೆಳಗೆಳೆಯಬೇಕಿತ್ತು, ಮತ್ತೆ ಎಳೆಯಬೇಕಿತ್ತು. ಅಮ್ಮ ಕಲಿಸಿಕೊಟ್ಟದ್ದನ್ನು ಕೈಯಾರೆ ಮುರಿದಂತೆ ಅವಳಿಗೆ ಸಂಕಟವಾಗುತ್ತಿತ್ತು.

ಮದುವೆಯ ಬೆಳಿಗ್ಗೆ ತೆಕೈಬರ್ ತನ್ನ ಅರ್ದಿನ್ನಿನ ಮೂರು ತಂತಿ ಕತ್ತರಿಸಿ, “ಇಲಿ ಕಡಿದಿದೆ ಅಪ್ಪ, ಇವತ್ತು ಅರ್ದಿನ್ ಇಲ್ಲ,” ಎಂದಳು.

“ಇಲಿಗೂ ಮದುವೆ ಗೊತ್ತಾಗತ್ತೆ,” ಎಂದ ದದ್ದಾ. ನೀಲಿ ದರ್ರಾ ನಿಲುವಂಗಿ ತೊಟ್ಟು, ಅತ್ತರು ಹಚ್ಚಿ, ಮದುಮಗನಂತೆ ಹೊರಟಿದ್ದ.

ಹಾಜಿ ಸಿದಾತಿಯ ಮನೆ ಮುಂದಿನ ಡೇರೆ ಸಂಜೆಗೇ ತುಂಬಿತ್ತು. ಮುದುಕ ಎದುರಿಗೇ ದಿಂಬಿಗೊರಗಿ ಕೂತಿದ್ದ. ಇಸಲ್ಮು ಸ್ಪೀಕರು ಹಚ್ಚಿದ. ಹೊಸ ಬಿರಡೆ, ಹೊಸ ಪಿಕಪ್ಪು, ಹೊಸ ಕುದುರೆ, ಹೊಸ ಕತ್ತಿನ ಗಿಟಾರು ಡೇರೆಯ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳಿಸಿತು. ಅಗ್ಗದ ಹಳೆಯ ಸಾಮಾನಾಗಿದ್ದರೆ ಒಂದಿಷ್ಟು ಗೊರಗೊರದಲ್ಲಿ ಮುಚ್ಚಿಹೋಗುತ್ತಿತ್ತು. ಇದರಲ್ಲಿ ಏನೂ ಮುಚ್ಚಲಿಲ್ಲ.

ಮಹ್ಜೂಬಾ ಎಲ್ಲರಂತೆ ಕರ್ ರಾಗದಿಂದ ಆರಂಭಿಸಿದಳು. ದದ್ದಾ ಸ್ವರ ಕೊಟ್ಟ ಜಾಗಕ್ಕೇ ಹೋದಳು. ಹಾಜಿ ಸಿದಾತಿ ಮುಚ್ಚಿದ ಕಣ್ಣು ತೆರೆದ. ಎರಡನೇ ಪದಕ್ಕೆ ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಯಾರೋ, “ಪಾಪ, ಮಹ್ಜೂಬಾ,” ಎಂದದ್ದು ಅವಳಿಗೆ ಚೆನ್ನಾಗಿ ಕೇಳಿಸಿತು. ಅವಳು ನಿಲ್ಲಿಸಲಿಲ್ಲ. ಒಂದೂ ಸ್ವರ ಬಿಡದೆ, ರಾಗದ ನಂತರ ರಾಗವಾಗಿ, ಕ್ರಮ ತಪ್ಪದೆ ಕೊನೆಯವರೆಗೂ ಹಾಡಿದಳು. ಪಕ್ಕದಲ್ಲಿ ದದ್ದಾ ಹದಿನೆಂಟರ ಹುಡುಗನಂತೆ ತಲೆ ಕುಣಿಸುತ್ತ ಬಾರಿಸುತ್ತಿದ್ದ. ಹಿಂದೆ ಕೈತಟ್ಟುತ್ತ ಕೂತ ತೆಕೈಬರ್ ಮುಸುಕನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ಈ ಮನೆಯ ಮದುವೆಗಳಲ್ಲಿ ನೋಟುಗಳ ಮಳೆಯಾಗುತ್ತಿತ್ತು. ಆ ದಿನ ಮರ್ಯಾದೆಗೆಂದು ನಾಲ್ಕು ಜನ ಎದ್ದು ಬಂದರು.

ಮುಗಿದ ಮೇಲೆ ಹಾಜಿ ಸಿದಾತಿ ದದ್ದಾನ ಕೈ ಹಿಡಿದು ಡೇರೆಯ ಆಚೆಗೆ ಕರೆದುಕೊಂಡು ಹೋದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಗಾಡಿಯಲ್ಲಿ ಮನೆಗೆ ಬರುವಾಗ ದದ್ದಾ ಮುಖ ಆಚೆ ತಿರುಗಿಸಿಯೇ ಕೂತಿದ್ದ. ಮಹ್ಜೂಬಾ ದಾರಿಯುದ್ದಕ್ಕೂ ಅವನನ್ನೇ ನೋಡಿದಳು. ಹೇಳಿಬಿಟ್ಟನೇ ಆ ಮುದುಕ?

ಬೆಳಿಗ್ಗೆ ದದ್ದಾ ಅವಳಿಗಿಂತ ಮುಂಚೆ ಎದ್ದು ತಾನೇ ಇದ್ದಲು ಹಚ್ಚಿ ಚಹಾ ಇಟ್ಟಿದ್ದ. ಅವನು ಹಾಗೆ ಮಾಡಿದ್ದು ತೆಕೈಬರ್ ಹುಟ್ಟಿದ ದಿನ ಒಂದೇ.

“ಬಾ, ಕೂತ್ಕೋ. ಒಂದು ಮಾತಿದೆ. ಬೇಜಾರ್ ಮಾಡ್ಕೋಬಾರ್ದು.”

“ಹೇಳು.”

“ಸಿದಾತಿ ನಿನ್ನೆ ಹೇಳ್ದ. ನಿನ್ನ ಗಂಟಲು ಹೋಗಿದೆಯಂತೆ. ಸ್ವರ ನಿಲ್ತಿಲ್ಲವಂತೆ. ನಾನು ನಿನ್ನ ತಪ್ಪು ಮುಚ್ಚಿದೆನಂತೆ, ನನ್ನ ಗಿಟಾರ್ ಇಲ್ದಿದ್ರೆ ಎದ್ದು ಹೋಗ್ತಿದ್ವಿ ಅಂದ.” ಅವನು ಅವಳ ಮುಂದೆ ಲೋಟ ಇಟ್ಟ. “ಅವನ ಜೊತೆ ಜಗಳಾನೇ ಆಡ್ದೆ. ನಂಗೆ ಹಂಗೆ ಅನ್ನಿಸ್ಲೇ ಇಲ್ಲ ಕಣೇ. ನಂಗೆ ನೀನು ಹಾಡಿದ್ದೆಲ್ಲ ಸರಿಯಾಗೇ ಕೇಳಿಸ್ತು. ಆದ್ರೆ ಅಷ್ಟು ಜನಕ್ಕೂ ಹಂಗೇ ಕೇಳಿಸಿದೆ ಅಂದ್ರೆ...”

“ಹೌದು,” ಎಂದಳು ಮಹ್ಜೂಬಾ. “ಹೋಗಿದೆ. ನಂಗೂ ಗೊತ್ತಿತ್ತು.”

“ಇನ್ಮೇಲೆ ಹುಡುಗಿ ಹಾಡ್ಲಿ. ಅವಳಿಗೆ ಲೆಬ್ಬಾತ್ ಬಾರಿಸ್ಲಿ.”

“ಯಾಕೆ, ನೀನು?”

“ನೀನು ಮನೇಲಿ ಕೂತಿರು, ನಾನು ಹೋಗಿ ಕುಣೀತಾ ಬಾರಿಸ್ಲಾ? ನಲವತ್ತು ವರ್ಷ ಜೊತೆಗೆ ಕೂತಿದೀವಿ. ನೀನಿಲ್ದೆ ನಾನು ಹಿಡಿಯಲ್ಲ. ಗಿಟಾರ್ ಮಾರ್ಬಿಡು ಅಂತ ಇಸಲ್ಮುಗೆ ಹೇಳ್ದೆ. ಅಷ್ಟು ಒಳ್ಳೊಳ್ಳೇ ಸಾಮಾನು ಹಾಕಿದಾನೆ, ಯಾರಾದ್ರೂ ಖುಷಿಯಾಗಿ ತಗೋತಾರೆ.”

ಮಹ್ಜೂಬಾ ಲೋಟ ಎತ್ತಿ ಮತ್ತೆ ಕೆಳಗಿಟ್ಟಳು. ತಡೆದಿಟ್ಟ ಅಳು ಒಂದೇ ಸಲಕ್ಕೆ ಬಂತು. ಗಂಡನ ಎದುರಿಗೆ ಅವಳು ಹಾಗೆ ಅತ್ತವಳಲ್ಲ. ದದ್ದಾ ಗಾಬರಿಯಾಗಿ ಪಕ್ಕಕ್ಕೆ ಸರಿದು ಕೂತು ಅವಳ ಬೆನ್ನು ಸವರಿದ.

“ತೆಕೈಬರ್, ನಿಮ್ಮಮ್ಮಂಗೆ ನೀರು ತಗೊಂಬಾ,” ಎಂದು ಒಳಗೆ ಕೂಗಿದ. ಮಗಳು ನೀರು ತಂದು ಬಾಗಿಲಲ್ಲೇ ನಿಂತಳು.

“ಅಳಬೇಡ್ವೇ,” ದದ್ದಾ ಹೆಂಡತಿಗೆ ಸಮಾಧಾನ ಹೇಳಿದ. “ಗಂಟಲು ಹೋದ್ರೆ ಹೋಗ್ಲಿ. ನೀನು ಇಲ್ಲೇ ಮನೇಲಿ ಗುನುಗು. ಕೇಳಕ್ಕೆ ನನ್ನ ಕಿವಿ ಇದೆಯಲ್ಲ.”